ಕಿರುಚುವ ಬ್ರೇಕಿಗೆ ಎಣ್ಣೆ ಬಿಡಬೇಡಿ ಎಂದು ಇನ್ನೆಷ್ಟು ಸಲ ಹೇಳಲಿ?

ಮಳೆ ನಿಂತು ಗಿರಿಯ ರಸ್ತೆ ಒಣಗಿತೆಂದರೆ ಚಿಕ್ಕಮಗಳೂರಿನ ಸೈಕಲ್‌ಗಳೆಲ್ಲ ಹೊರಬೀಳುತ್ತವೆ, ಅವುಗಳ ಹಿಂದೆಯೇ ಓದುಗರ ಇದೇ ಪ್ರಶ್ನೆಯೂ ಬರುತ್ತದೆ:

ಮೌಂಟನ್ ಬೈಕಿನ ಹಿಂದಿನ ಡಿಸ್ಕ್ ಬ್ರೇಕ್ ಬೀದಿಗೆಲ್ಲ ಕೇಳುವಂತೆ ಕಿರುಚುತ್ತದೆ, ಸರಿಯಾಗಿ ಹಿಡಿಯುವುದೂ ಇಲ್ಲ. ಪರಿಚಯದವರು ಹೇಳಿದರೆಂದು ತುಕ್ಕು ಬಿಡಿಸುವ ಸ್ಪ್ರೇ ಹೊಡೆದೆ. ಒಂದು ದಿನ ಸದ್ದಡಗಿತ್ತು, ಈಗ ಮೊದಲಿಗಿಂತ ಜೋರು.

ಸದ್ದಡಗಿದ್ದು ಬ್ರೇಕ್ ಸರಿಹೋಗಿದ್ದರಿಂದಲ್ಲ, ಸ್ಪ್ರೇಯ ಎಣ್ಣೆಗೆ ಬ್ರೇಕೇ ಇಲ್ಲವಾಗಿದ್ದರಿಂದ. ಆ ದಿನ ನೀವು ಮುಳ್ಳಯ್ಯನಗಿರಿ ಹತ್ತಿ ಇಳಿಯಲಿಲ್ಲವಲ್ಲ, ಮನೆಯವರ ಪುಣ್ಯ.

ಬರೀ ಸದ್ದಾಗಿದ್ದರೆ ಕಾರಣ ಹಲವು. ಕಿರುಚುತ್ತಲೂ ಇದೆ, ಹಿಡಿಯುತ್ತಲೂ ಇಲ್ಲ ಎಂದರೆ ಬಹುಮಟ್ಟಿಗೆ ಒಂದೇ: ಚಕ್ರದ ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡಿಗೆ ಜಿಡ್ಡು ತಗುಲಿದೆ. ಜಿಡ್ಡು ಆಕಾಶದಿಂದ ಬೀಳುವುದಿಲ್ಲ. ಚೈನಿಗೆ ಸ್ಪ್ರೇ ಹೊಡೆಯುವಾಗ ಪಕ್ಕದ ಡಿಸ್ಕಿಗೂ ಹಾರಿರುತ್ತದೆ, ಇಲ್ಲವೇ ಬೋಂಡಾ ತಿಂದ ಕೈಯಲ್ಲೇ ಡಿಸ್ಕ್ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿರುತ್ತೀರಿ.

ಚಕ್ರ ಬಿಚ್ಚಿ ಪ್ಯಾಡ್ ಹೊರತೆಗೆಯಿರಿ. ಹೈಡ್ರಾಲಿಕ್ (ದ್ರವದ ಒತ್ತಡದಿಂದ ಹಿಡಿಯುವ) ಬ್ರೇಕ್ ಆಗಿದ್ದರೆ ಚಕ್ರ ಹೊರಗಿರುವಾಗ ಲಿವರ್ ಒತ್ತಬೇಡಿ, ಮಕ್ಕಳ ಕೈಗೂ ಕೊಡಬೇಡಿ. ಪ್ಯಾಡನ್ನು ದೂಡುವ ಪಿಸ್ಟನ್ ಮುಂದೆ ಬಂದು ಕುಳಿತರೆ ಚಕ್ರ ಒಳಗೆ ಹೋಗುವುದಿಲ್ಲ. ಹಳೆಯ ಬಿಳಿ ಪಂಚೆಯ ತುಂಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಡಿಸ್ಕನ್ನು ಎರಡೂ ಕಡೆ ಉಜ್ಜಿ. ಮೊದಲ ತುಂಡು ಕಾಡಿಗೆಯಂತಾಗುತ್ತದೆ. ಬಟ್ಟೆ ಬಿಳಿಯಾಗಿಯೇ ಹಿಂದಿರುಗುವವರೆಗೆ ತುಂಡು ಬದಲಿಸುತ್ತಿರಿ. ಪೆಟ್ರೋಲ್, ಸೀಮೆಎಣ್ಣೆ ಬೇಡ. ಒಂದು ಜಿಡ್ಡು ತೆಗೆದು ಇನ್ನೊಂದನ್ನು ಬಳಿದಂತಾಗುತ್ತದೆ.

ಪ್ಯಾಡಿನ ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಸಮತಟ್ಟಾದ ಕಲ್ಲಿನ ಮೇಲೆ ಮರಳು ಕಾಗದ ಹಾಸಿ, ಹೊಳಪು ಹೋಗುವವರೆಗೆ ತಿಕ್ಕಿ. ದೂಳನ್ನು ಊದಬೇಡಿ, ಒರೆಸಿ. ಎಣ್ಣೆ ಆಳಕ್ಕೆ ಇಳಿದಿದ್ದರೆ ತಿಕ್ಕಿದರೂ ಕಪ್ಪು ಕಲೆ ಮರಳಿ ಬರುತ್ತದೆ. ಆಗ ಪ್ಯಾಡನ್ನು ಕಸಕ್ಕೆ ಹಾಕಿ. ಗ್ಯಾಸ್ ಒಲೆಯ ಮೇಲೆ ಸುಟ್ಟರೆ ಎಣ್ಣೆ ಹೋಗುತ್ತದೆ ಎನ್ನುವ ಪಂಡಿತರು ಊರಿಗೊಬ್ಬರಿದ್ದಾರೆ. ಒಂದು ಕಾಲದಲ್ಲಿ ನಾನೂ ಸುಟ್ಟವನೇ. ಹೊಗೆಯೇನೋ ಚೆನ್ನಾಗಿಯೇ ಬಂತು. ತಣ್ಣಗಾದ ಮೇಲೆ ಉಗುರಿನಿಂದ ಮೀಟಿದರೆ ಪ್ಯಾಡಿನ ಪದರ ಲೋಹದ ತಟ್ಟೆಯಿಂದ ಹಪ್ಪಳದಂತೆ ಎದ್ದು ಬಂತು. ಅದು ಮನೆಯಲ್ಲಿ ಎದ್ದಿತು, ತಿರುವಿನಲ್ಲಲ್ಲ. ಅಂದಿನಿಂದ ಆ ಮಾತೆತ್ತಿದವರಿಗೆ ನಾನು ಚಹಾ ಕೊಡುವುದಿಲ್ಲ.

ಹೊಸ ಪ್ಯಾಡ್ ಹಾಕಿದವರೂ ಮಾಡುವ ತಪ್ಪು ಒಂದಿದೆ: ಪಳಗಿಸದೆ ನೇರ ಗಿರಿಗೆ ಹೋಗುವುದು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗಕ್ಕೆ ಬನ್ನಿ, ಚಕ್ರ ಜಾಮ್ ಆಗದಂತೆ ಗಟ್ಟಿಯಾಗಿ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ, ಬಿಟ್ಟುಬಿಡಿ. ಒಂದೊಂದು ಬ್ರೇಕಿಗೂ 15-20 ಸಲ. ಪ್ಯಾಡಿನ ತೆಳು ಪದರವೊಂದು ಡಿಸ್ಕಿಗೆ ಸಮನಾಗಿ ಅಂಟಬೇಕು; ಆಮೇಲೇ ಬ್ರೇಕ್ ಕಚ್ಚುವುದು. ಏಳೆಂಟನೆಯ ಸಲಕ್ಕೆ ಲಿವರಿನಲ್ಲೇ ಬೆರಳಿಗೆ ವ್ಯತ್ಯಾಸ ತಿಳಿಯತೊಡಗುತ್ತದೆ.

ಇಷ್ಟಾಗಿಯೂ ವಾರದಲ್ಲಿ ಮತ್ತೆ ಕಿರುಚಿದರೆ ಪಿಸ್ಟನ್ ಸುತ್ತ ಒದ್ದೆ ಇದೆಯೇ ನೋಡಿ. ಇದ್ದರೆ ಸೀಲ್ ಸೋರುತ್ತಿದೆ. ಪಿಸ್ಟನ್, ಪ್ಯಾಡ್ ಕೂರುವ ಆ ಕ್ಯಾಲಿಪರಿಗೆ ಇನ್ನೆಷ್ಟು ಪ್ಯಾಡ್ ಹಾಕಿದರೂ ದಂಡ.

ಮಳೆಯಲ್ಲಿ ಮಾತ್ರ ಸದ್ದು ಬರುತ್ತದೆ, ಏನು ಮಾಡಲಿ?

ಮಲೆನಾಡಿನಲ್ಲಿದ್ದೀರಿ. ನಾಲ್ಕು ಸಲ ಹಿಡಿದು ಬಿಡಿ, ನೀರು ಆರಿದರೆ ಸದ್ದೂ ಹೋಗುತ್ತದೆ.

ಶಿಮಾನೊ ಕಂಪನಿಯ ಹೈಡ್ರಾಲಿಕ್ ಬ್ರೇಕಿಗೆ ಕಾರಿನ ಬ್ರೇಕ್ ಆಯಿಲ್ ಹಾಕಬಹುದೇ?

ಕೂಡದು. ಅದಕ್ಕೆ ಬೇಕಿರುವುದು ಮಿನರಲ್ ಆಯಿಲ್. ಕಾರಿನ ಡಾಟ್ ದ್ರವ ಅದರ ಸೀಲುಗಳನ್ನೇ ಹಾಳುಮಾಡುತ್ತದೆ.

160 ಮಿ.ಮೀ. ಡಿಸ್ಕ್ ತೆಗೆದು 203 ಹಾಕಿದರೆ ಬ್ರೇಕ್ ಬಲವಾಗುತ್ತದೆಯೇ?

ಆಗುತ್ತದೆ, ನಿಮ್ಮ ಫ್ರೇಮ್ ಮತ್ತು ಫೋರ್ಕ್ ಅದಕ್ಕೆ ಒಪ್ಪಿದರೆ. ಮೊದಲು ಹಳೆಯ ಪ್ಯಾಡ್ ಬಿಚ್ಚಿ ನೋಡಿ, ಅರ್ಧ ಮಿ.ಮೀ. ಕೂಡ ಉಳಿದಿರಲಿಕ್ಕಿಲ್ಲ.

ಇಳಿಜಾರಿನಲ್ಲಿ ಕಾದ ಡಿಸ್ಕಿಗೆ ನೀರು ಸುರಿದು ತಣಿಸಬಹುದೇ?

ಬೇಡ, ಬಾಗೀತು. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವುದನ್ನು ಬಿಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿಯಿರಿ, ಆಮೇಲೆ ಪೂರ್ತಿ ಬಿಡಿ. ಆದರೂ ಕಾದರೆ ಸೈಕಲನ್ನು ಬದಿಗೆ ನಿಲ್ಲಿಸಿ ಕಾಫಿ ಕುಡಿಯಿರಿ. ಬಾಟಲಿಯ ನೀರು ನಿಮಗಿರಲಿ.