ಪ್ರತಿಕ್ರಿಯೆ: ಪಾಂಟೂನ್ ಮುಳುಗಿದೊಡನೆ ಜಿಎಂ ಋಣಾತ್ಮಕವಾಗುವುದೇಕೆ?

ಸಮುದ್ರದಲ್ಲಿ ತೈಲಬಾವಿಯ ಕೆಲಸ ಮಾಡುವ ಕ್ಯೂ4000 ಮಾದರಿಯ ಅರೆಮುಳುಗು ನೌಕೆಯ ಪಾಂಟೂನುಗಳು (ಕಂಬಗಳ ಮೂಲಕ ಡೆಕ್ಕನ್ನು ಹೊರುವ ತಳದ ತೇಲುಕೋಶಗಳು) ನೀರಿನಡಿ ಸೇರಿದೊಡನೆ ನಿಮ್ಮ ಲೆಕ್ಕದಲ್ಲಿ ಜಿಎಂ (ನೌಕೆಯ ಸ್ಥಿರತೆಯ ಅಳತೆ: ಗುರುತ್ವಕೇಂದ್ರದಿಂದ ಮೆಟಾಸೆಂಟರಿಗೆ, ಅಂದರೆ ನೌಕೆ ತುಸು ವಾಲಿದಾಗ ತೇಲುಬಲದ ರೇಖೆಯು ಮಧ್ಯರೇಖೆಯನ್ನು ಕೂಡುವ ಬಿಂದುವಿಗೆ, ಇರುವ ಎತ್ತರ) ಋಣಾತ್ಮಕವಾಗುತ್ತಿರುವುದಕ್ಕೆ, ನೀರಿನ ಮಟ್ಟದಲ್ಲಿ ಪ್ರತಿ ಕಂಬದ ಅಡ್ಡಕೊಯ್ತದ ಜಡತ್ವ ಮಹತ್ವವನ್ನು (ಮೊಮೆಂಟ್ ಆಫ್ ಇನರ್ಷಿಯಾ) ಅದರ ಸ್ವಂತ ಅಕ್ಷದ ಸುತ್ತ ಮಾತ್ರ ಹಿಡಿದಿರುವುದೇ ಬಹುಶಃ ಕಾರಣ. ಆ ಆಳದಲ್ಲಿ ನೀರಿನ ಮೇಲ್ಮೈಯನ್ನು ಸೀಳುವುದು ಕಂಬಗಳು ಮಾತ್ರವಾದ್ದರಿಂದ ಜಿಎಂ ಇಳಿಯುವುದು ಸಹಜ. ಸೊನ್ನೆಗಿಂತ ಕೆಳಗಿಳಿಯುವುದು ಸಹಜವಲ್ಲ.

ಮೊದಲು ಪ್ರತಿ ಕಂಬದ ಅಡ್ಡಕೊಯ್ತದ ಕ್ಷೇತ್ರಫಲವನ್ನು ನೌಕೆಯ ಮಧ್ಯರೇಖೆಯಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಜಡತ್ವಕ್ಕೆ ಕೂಡಿಸಿರಿ. ಆ ಮೊತ್ತವನ್ನು ನೌಕೆ ಸರಿಸಿದ ನೀರಿನ ಘನಗಾತ್ರದಿಂದ ಭಾಗಿಸಿದರೆ ಬಿಎಂ (ತೇಲುಬಲದ ಕೇಂದ್ರದಿಂದ ಮೆಟಾಸೆಂಟರಿಗಿರುವ ಎತ್ತರ) ಸಿಗುತ್ತದೆ; ಇದು ಹೆಚ್ಚಿದಷ್ಟೂ ಜಿಎಂ ಹೆಚ್ಚುತ್ತದೆ. ಅನಂತರ, ಭಾಗಶಃ ತುಂಬಿದ ಬ್ಯಾಲಸ್ಟ್ ಟ್ಯಾಂಕುಗಳಿಗೆ (ನೌಕೆಯನ್ನು ಮುಳುಗಿಸಲು ನೀರು ತುಂಬುವ ತೊಟ್ಟಿಗಳು) ಮಾತ್ರ ಮುಕ್ತ ಮೇಲ್ಮೈಯ ತಿದ್ದುಪಡಿಯನ್ನು (ಒಳಗಿನ ನೀರು ಪಕ್ಕಕ್ಕೆ ಹರಿಯುವುದರಿಂದ ಆಗುವ ಸ್ಥಿರತೆಯ ನಷ್ಟ) ಜಿಎಂನಿಂದ ಕಳೆಯಿರಿ. ಕೊನೆಗೆ, ತೂಗುತ್ತಿರುವ ಭಾರವು ಸಮುದ್ರತಳದ ಸಮೀಪದಲ್ಲಿದ್ದರೂ ಅದನ್ನು ತೂಗುಬಿಂದುವಿನಲ್ಲಿಯೇ, ಅಂದರೆ ಕ್ರೇನಾದರೆ ಬೂಮಿನ ತುದಿಯಲ್ಲಿ, ಇದೆಯೆಂದು ಪರಿಗಣಿಸಬೇಕು. ಬಾವಿ ಕೆಲಸದ ನೌಕೆಗಳಲ್ಲಿ ಇದು ಸಣ್ಣ ವಿಷಯವಲ್ಲ: 2010ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿಯಿಂದ ಕ್ಯೂ4000 ಮೇಲೆತ್ತಿದ ಬ್ಲೋಔಟ್ ಪ್ರಿವೆಂಟರಿನ (ಬಾವಿಯ ಬಾಯಿಯನ್ನು ಮುಚ್ಚುವ ಸುರಕ್ಷತಾ ಕವಾಟಗಳ ಸಾಧನ) ತೂಕ ಸುಮಾರು 300 ಟನ್ ಇತ್ತು.

ಇಷ್ಟಾದ ಮೇಲೂ ಉತ್ತರ ಋಣಾತ್ಮಕವಾಗಿಯೇ ಬಂದರೆ ದೋಷವು ಕೆಜಿಯಲ್ಲಿರಬಹುದು (ಇಲ್ಲಿ ಕೆಜಿ ಎಂದರೆ ನೌಕೆಯ ತಳದಿಂದ ಗುರುತ್ವಕೇಂದ್ರಕ್ಕಿರುವ ಎತ್ತರ), ಆದರೆ ಅಂಕಿಗಳನ್ನು ನೋಡದೆ ಖಚಿತವಾಗಿ ಹೇಳಲಾಗದು. ಕಂಬಗಳ ಅಳತೆ ಮತ್ತು ಅಂತರ, ಟ್ಯಾಂಕುಗಳ ಮಟ್ಟ, ಡೆಕ್ಕಿನ ಭಾರಗಳ ಪಟ್ಟಿ ಇವನ್ನು ಇಲ್ಲಿ ಹಾಕಿರಿ.