ಐದು ಗಂಟೆಗೆ ಬಂದ ಆಳಿಗೂ ಪೂರಾ ಕೂಲಿಯೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ದೇವರ ಪ್ರೀತಿ, ರಕ್ಷಣೆ, ನ್ಯಾಯತೀರ್ಪಿನ ಬಗ್ಗೆ ಕ್ರೈಸ್ತರ ನಂಬಿಕೆ ಏನು ಎಂದು ಕೇಳಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರವಿದೆ. ಕಥೋಲಿಕರೂ ಪ್ರಾಟೆಸ್ಟಂಟರೂ ಬೇರೆಯಾಗುವ ಕಡೆ ಅದನ್ನು ಮುಚ್ಚಿಟ್ಟಿಲ್ಲ.

ಸಿದ್ದಾಪುರದಿಂದ, ತೋಟದ ರೈಟರೊಬ್ಬರು (ಆಳುಗಳ ಹಾಜರಿ, ಲೆಕ್ಕ ಬರೆಯುವವರು): ಜೀವಮಾನವೆಲ್ಲ ಕುಡಿದು, ಹೆಂಡತಿಗೆ ಹೊಡೆದು, ಆಳುಗಳ ಹಾಜರಿಯಲ್ಲಿ ಕೈಯಾಡಿಸಿದ ಮೇಸ್ತ್ರಿಯೊಬ್ಬ ಸಾಯುವ ವಾರ ಪಾಸ್ಟರನ್ನು ಕರೆಸಿ ಅತ್ತ. ಮಣ್ಣು ಮಾಡುವಾಗ 'ಈಗ ಸ್ವರ್ಗದಲ್ಲಿದ್ದಾನೆ' ಅಂದರು. ನೆಟ್ಟಗೆ ಬಾಳಿದವರಿಗೂ ಇವನಿಗೂ ಒಂದೇ ಲೆಕ್ಕವೇ?

ಇದೇ ತಕರಾರನ್ನು ಯೇಸು ಆಳುಗಳ ಬಾಯಲ್ಲೇ ಹೇಳಿಸಿದ್ದಾರೆ. ಬೈಬಲಿನಲ್ಲಿ ಮತ್ತಾಯ 20ನೇ ಅಧ್ಯಾಯ ತೆಗೆಯಿರಿ. ದ್ರಾಕ್ಷಿತೋಟದ ಯಜಮಾನ ಬೆಳಗಾಗುತ್ತಲೇ ಹೋಗಿ ದಿನಕ್ಕೊಂದು ದೆನಾರಿಯಸ್ ಎಂದು ಮಾತಾಡಿ ಆಳು ಕರೆತರುತ್ತಾನೆ. ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. 'ಹನ್ನೊಂದನೆಯ ತಾಸಿಗೆ', ಅಂದರೆ ಸಂಜೆ ಐದಕ್ಕೆ, ಪೇಟೆಯಲ್ಲಿ ಸುಮ್ಮನೆ ನಿಂತವರನ್ನೂ ಕರೆಯುತ್ತಾನೆ. ಕತ್ತಲಾಗುವ ಹೊತ್ತಿಗೆ ಬಟವಾಡೆ. ಕಡೆಗೆ ಬಂದವರಿಂದ ಶುರುಮಾಡು ಎಂದು ಪಾರುಪತ್ಯಗಾರನಿಗೆ ಅಪ್ಪಣೆ. ಈ ಅಪ್ಪಣೆಯ ಮರ್ಮ ರೈಟರಾದ ನಿಮಗೆ ಬೇಗ ಹೊಳೆಯಬೇಕು. ಬೆಳಗಿನವರಿಗೆ ಮೊದಲು ಕೊಟ್ಟಿದ್ದರೆ ಅವರು ದುಡ್ಡು ಎಣಿಸಿಕೊಂಡು ಮನೆ ಸೇರುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಅವರು ನಿಂತು ನೋಡಲಿ ಎಂದೇ ಯಜಮಾನ ಸಾಲನ್ನು ತಿರುಗಿಸಿದ್ದು.

ಕಾಫಿ ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿಯಾದರೆ ಚೀಲ ತಕ್ಕಡಿಗೇರಿದ ಮೇಲೆ ಮಾತಿಲ್ಲ. ಆದರೆ ದೆನಾರಿಯಸ್ ಎಂದರೆ ಬಡ ಸಂಸಾರವೊಂದು ಆ ದಿನ ಉಣ್ಣುವಷ್ಟು ದುಡ್ಡು. ಐದು ಗಂಟೆಯವನಿಗೆ ಅದರ ಹನ್ನೆರಡರಲ್ಲಿ ಒಂದು ಪಾಲು ಕೊಟ್ಟರೆ ಅವನ ಮನೆಯ ಒಲೆ ಹತ್ತುವುದಿಲ್ಲ. ರಕ್ಷಣೆ ತೂಕದ ಕೂಲಿಯಲ್ಲ, ದೇವರ ಕೃಪೆ ಎಂದು ಎಫೆಸದವರಿಗೆ ಬರೆದ ಪತ್ರವೂ (2:8-9) ಹೇಳುತ್ತದೆ. ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಇದರ ಮೇಲೆ ಕಿತ್ತಾಡಿದ ಕಥೋಲಿಕರೂ ಪ್ರಾಟೆಸ್ಟಂಟರಲ್ಲಿ ಒಂದು ಪಂಗಡವಾದ ಲೂಥರನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿ, ಮೂಲ ವಿಷಯದಲ್ಲಿ ಒಮ್ಮತವಿದೆ ಎಂದರು.

ಈ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ತಪ್ಪಾಗಿ ಓದುವುದೂ ಸುಲಭ. ಕೊನೆಗೆ ನೋಡಿಕೊಂಡರಾಯಿತು ಎನ್ನುವವರಿಗೆ ಇದರಲ್ಲಿ ಜಾಗವಿಲ್ಲ. ಐದು ಗಂಟೆಯವರು 'ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ' ಅನ್ನುತ್ತಾರೆ; ಬೆಳಿಗ್ಗೆ ಕರೆದಾಗ ಲೈನ್ ಮನೆ ಹಿಂದೆ ಅಡಗಿ ಸಂಜೆ ಬಟವಾಡೆಗೆ ಬಂದವರಲ್ಲ. ಇನ್ನು, ದೇವರು ಕ್ಷಮಿಸಿದ ಮಾತ್ರಕ್ಕೆ ಆಳುಗಳ ಬಾಕಿ ತೀರುವುದಿಲ್ಲ. ತೆರಿಗೆ ವಸೂಲಿಗಾರ ಜಕ್ಕಾಯ ಯೇಸುವಿನೆದುರು, ಆಸ್ತಿಯಲ್ಲಿ ಅರ್ಧ ಬಡವರಿಗೆ ಕೊಟ್ಟು, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ತೀರಿಸುತ್ತೇನೆ ಎಂದ (ಲೂಕ 19:8). ಕದ್ದದ್ದನ್ನು ಹಿಂದಿರುಗಿಸಬೇಕೆಂದು ಕಥೋಲಿಕ ಧರ್ಮೋಪದೇಶ ಸ್ಪಷ್ಟವಾಗಿಯೇ ಹೇಳುತ್ತದೆ. ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಸಾಯುವಾಗ ಕ್ಷಮೆ ಪಡೆದ ಕಳ್ಳನಿಗೆ ಅದಕ್ಕೆ ಸಮಯವಿರಲಿಲ್ಲ. ನಿಮ್ಮ ಮೇಸ್ತ್ರಿಗೆ ಒಂದು ವಾರವಿತ್ತು. ಹಳೆಯ ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಯಾರಿಗೆ ಎಷ್ಟು ಬಾಕಿ ಎಂದು ತೆಗೆದು ಅವನ ಮಕ್ಕಳಿಗೆ ತೋರಿಸಿ.

ಲೆಕ್ಕ ಒಂದೇ ಏನಲ್ಲ. ಕಟ್ಟಿದ್ದು ಬೆಂಕಿಯಲ್ಲಿ ಸುಟ್ಟುಹೋದರೆ ಕಟ್ಟಿದವನು ಉಳಿದರೂ ಬೆಂಕಿ ದಾಟಿ ಬಂದವನಂತೆ ಉಳಿಯುತ್ತಾನೆ ಎಂಬ ಮಾತು 1 ಕೊರಿಂಥ 3:15ರಲ್ಲಿದೆ. ಪಾಸ್ಟರು 'ಸ್ವರ್ಗದಲ್ಲಿರಲಿ ಎಂದು ಹಾರೈಸುತ್ತೇವೆ' ಅಂದಿದ್ದರೆ ಸಾಕಿತ್ತು.

ವಿರಾಜಪೇಟೆಯಿಂದ, ಸೊಸೆಯೊಬ್ಬರು: ನಾನು ಸಿಎಸ್‌ಐ (ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟಂಟ್ ಚರ್ಚು), ಅತ್ತೆ ಮನೆಯವರು ಕಥೋಲಿಕರು. ಮಾವ ತೀರಿಕೊಂಡ ಮೇಲೆ ಅತ್ತೆ ಅವರ ಆತ್ಮಕ್ಕಾಗಿ ಚರ್ಚಿನಲ್ಲಿ ತಿಂಗಳಿಗೊಂದು ಪೂಜೆ ಹೇಳಿಸುತ್ತಾರೆ. ಸತ್ತವರ ತೀರ್ಪು ಆಗಿಹೋಗಿದೆ ಎಂದಾದರೆ ಪ್ರಾರ್ಥನೆಯಿಂದ ಏನು ಬದಲಾಗುತ್ತದೆ?

1792ರಲ್ಲಿ ಕಟ್ಟಿದ ಸಂತ ಅನ್ನಮ್ಮ ದೇವಾಲಯ ಇರುವ ಊರಿನಲ್ಲಿ ಇದು ಹೊಸ ಪೇಚಾಟವಲ್ಲ. ತೀರ್ಪು ಬದಲಾಗುವುದಿಲ್ಲ ಎಂದು ನಿಮ್ಮತ್ತೆಯವರ ಸಭೆಯೂ, ಅಂದರೆ ಕಥೋಲಿಕ ಚರ್ಚೂ, ಹೇಳುತ್ತದೆ. ಅವರ ಪ್ರಕಾರ ತೀರ್ಪು ಎರಡು. ಸತ್ತ ಕ್ಷಣವೇ ಒಬ್ಬೊಬ್ಬರಿಗೂ ಪ್ರತ್ಯೇಕ ತೀರ್ಪು. ಲೋಕಾಂತ್ಯದಲ್ಲಿ ಎಲ್ಲರೆದುರು ಸಾರ್ವತ್ರಿಕ ತೀರ್ಪು. ದೇವರ ಸ್ನೇಹದಲ್ಲೇ ಸತ್ತರೂ ಪೂರ್ತಿ ಶುದ್ಧಿಯಾಗದವರು ಸ್ವರ್ಗ ಸೇರುವ ಮುನ್ನ ಶುದ್ಧಿಯಾಗುತ್ತಾರೆ. ಶುದ್ಧೀಕರಣ ಸ್ಥಳ ಎನ್ನುವುದು ಇದನ್ನೇ. ಪಾಸೂ ಅಲ್ಲದ ಫೇಲೂ ಅಲ್ಲದವರ ಮರುಪರೀಕ್ಷೆ ಅದಲ್ಲ. ಅಲ್ಲಿರುವವರೆಲ್ಲ ರಕ್ಷಣೆ ಪಡೆದವರೇ. ಅತ್ತೆಯವರ ಪ್ರಾರ್ಥನೆ ಆ ಶುದ್ಧಿಗೆ ನೆರವು.

ನಿಮ್ಮ ಸಭೆ ಇದನ್ನು ಒಪ್ಪದಿರಲು ಒಂದು ಕಾರಣ ಪುಸ್ತಕದ್ದು. ಸತ್ತವರಿಗಾಗಿ ಪ್ರಾರ್ಥಿಸಿದ ಪ್ರಸಂಗ 2 ಮಕ್ಕಬಿಯರು 12ರಲ್ಲಿದೆ. ಕಥೋಲಿಕರ 73 ಪುಸ್ತಕಗಳ ಬೈಬಲಿನಲ್ಲಿ ಅದು ಉಂಟು, ನಿಮ್ಮ 66ರಲ್ಲಿ ಇಲ್ಲ. ಇನ್ನೊಂದು, ಕ್ರಿಸ್ತನ ಬಲಿಯೇ ಸಾಕಾಗಿರುವಾಗ ಮೇಲೆ ಶುದ್ಧಿ ಯಾಕೆ ಎಂಬ ಪ್ರಶ್ನೆ.

ಅತ್ತೆಯವರಿಗೆ ಹೇಳಬಹುದಾದದ್ದೂ ಇದೆ. ಪೂಜೆಗೆ ಕೊಡುವ ಹಣ ಕಾಣಿಕೆ, ಸ್ವರ್ಗದ ಟಿಕೆಟಿನ ದರವಲ್ಲ. ನವೆಂಬರ್ 1ರಿಂದ 8ರವರೆಗೆ ಸಮಾಧಿಗೆ ಹೋಗಿ ಸತ್ತವರಿಗಾಗಿ ಪ್ರಾರ್ಥಿಸಿದರೆ, ದಿನಕ್ಕೊಂದರಂತೆ, ಪಾಪಕ್ಕೆ ಕ್ಷಮೆ ಸಿಕ್ಕ ಮೇಲೂ ಉಳಿದ ಶಿಕ್ಷೆಯ ಪೂರ್ಣ ವಿನಾಯಿತಿಯನ್ನು ಅವರಿಗಾಗಿ ಕೋರಬಹುದು. ಅದಕ್ಕೆ ಆಸುಪಾಸಿನ ದಿನಗಳಲ್ಲಿ ಪಾಪನಿವೇದನೆ (ಫಾದರ್ ಬಳಿ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು), ಪರಮಪ್ರಸಾದ ಸ್ವೀಕಾರ, ಪೋಪರ ಉದ್ದೇಶಕ್ಕಾಗಿ ಪ್ರಾರ್ಥನೆ, ಸಣ್ಣ ಪಾಪದ ಮೇಲೂ ಮೋಹವಿಲ್ಲದಿರುವುದು, ಈ ನಾಲ್ಕೂ ಬೇಕು. ಸಾಮಾನ್ಯವಾಗಿ ತಪ್ಪುವುದು ಕೊನೆಯದು. ಆಗ ಸಿಗುವುದು ಭಾಗಶಃ ವಿನಾಯಿತಿ. ನೀವು ಸಮಾಧಿಯ ಹತ್ತಿರ ಅತ್ತೆಯ ಜೊತೆ ನಿಂತು ಮಾವನ ಬಾಳಿಗಾಗಿ ದೇವರಿಗೆ ಸ್ತೋತ್ರ ಹೇಳಿದರೆ ಯಾವ ಸಭೆಯ ನಂಬಿಕೆಗೂ ಅಡ್ಡಿಯಿಲ್ಲ.

ಸುಂಟಿಕೊಪ್ಪದ ವಿದ್ಯಾರ್ಥಿ: 'ದೇವರು ಪ್ರೀತಿಸ್ವರೂಪಿ' ಅನ್ನುವವರೇ ನರಕದ ಬೆಂಕಿ ತೋರಿಸಿ ಹೆದರಿಸುತ್ತಾರಲ್ಲ?

ನರಕ ಅಂದಕೂಡಲೇ ನಮ್ಮ ಕಣ್ಣಿಗೆ ಕಟ್ಟುವುದು ಯಮನ ದರ್ಬಾರು, ಕುದಿಯುವ ಎಣ್ಣೆ ಕೊಪ್ಪರಿಗೆ. ಯೇಸು ಬಳಸಿದ ಪದ ಗೆಹೆನ್ನ. ಅದು ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆ, ಹಿಂದೊಮ್ಮೆ ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟ ಶಾಪಗ್ರಸ್ತ ಜಾಗ. ಮುಖ್ಯ ಶಿಕ್ಷೆ ದೇವರಿಂದ ಶಾಶ್ವತವಾಗಿ ಅಗಲುವುದೇ, ಅದೂ ಮನುಷ್ಯ ತಾನಾಗಿ ಬಾಗಿಲು ಹಾಕಿಕೊಳ್ಳುವುದರಿಂದ, ಎಂದು ಕಥೋಲಿಕ ಬೋಧನೆ. ಬೆಂಕಿ ಅಕ್ಷರಶಃ ನಿಜ ಎನ್ನುವವರೂ, ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ ಎನ್ನುವವರೂ ಪ್ರಾಟೆಸ್ಟಂಟರಲ್ಲಿದ್ದಾರೆ. ಪ್ರೀತಿಯನ್ನು ಬಲವಂತವಾಗಿ ಹೇರಿದರೆ ಅದು ಪ್ರೀತಿಯಲ್ಲ. ಹಾಗಾಗಿ 'ಬೇಡ' ಅನ್ನುವ ಹಕ್ಕು ಕೊನೆಯವರೆಗೂ ಉಳಿಯಲೇಬೇಕು. ಬರೀ ಹೆದರಿಸುವ ಬೋಧಕರಿಗೆ 1 ಯೋಹಾನ 4:18 ತೋರಿಸಿ: ಪೂರ್ಣ ಪ್ರೀತಿ ಹೆದರಿಕೆಯನ್ನು ಹೊರಡಿಸಿಬಿಡುತ್ತದೆ.

ಮಡಿಕೇರಿ ಬಳಿಯಿಂದ: ನಾವು ಕೊಡವರು, ಕೈಮಡದಲ್ಲಿ (ಹಿರಿಯರ ಗುಡಿಯಲ್ಲಿ) ಗುರುಕಾರೋಣರಿಗೆ, ಅಂದರೆ ಕುಲದ ಮೂಲಪುರುಷರಿಗೆ, ದೀಪ ಇಡುವವರು. ಮಗಳಿಗೆ ಶಾಲೆಯಲ್ಲಿ ಗೆಳತಿಯೊಬ್ಬಳು 'ನಿಮ್ಮಜ್ಜ ನರಕಕ್ಕೆ ಹೋಗಿರ್ತಾರೆ' ಅಂದಳಂತೆ. ನಿಮ್ಮವರು ಹೀಗೆ ನಂಬುತ್ತಾರಾ?

ಹಾಗೆ ಹೇಳುವ ಅಧಿಕಾರ ಆ ಹುಡುಗಿಗಿಲ್ಲ, ಅವಳ ಬಿಷಪರಿಗೂ ಇಲ್ಲ. ಕಥೋಲಿಕ ಸಭೆ ಎಷ್ಟೋ ಜನರನ್ನು ಸಂತರೆಂದು ಘೋಷಿಸಿದೆ; ನರಕದಲ್ಲಿದ್ದಾರೆ ಎಂದು ಯಾರ ಹೆಸರನ್ನೂ ಘೋಷಿಸಿಲ್ಲ, ಯೇಸುವನ್ನು ಹಿಡಿದುಕೊಟ್ಟ ಯೂದನದನ್ನೂ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದಿದ್ದರೂ ಪ್ರಾಮಾಣಿಕವಾಗಿ ದೇವರನ್ನು ಹುಡುಕಿ, ಮನಸ್ಸಾಕ್ಷಿಯಂತೆ ನಡೆದವರು ರಕ್ಷಣೆ ಪಡೆಯಬಲ್ಲರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ಕ್ರಿಸ್ತನನ್ನು ಬಾಯಾರೆ ಒಪ್ಪಿಕೊಳ್ಳದೆ ರಕ್ಷಣೆಯಿಲ್ಲ ಎನ್ನುವ ಸಭೆಗಳೂ ಉಂಟು, ಯೋಹಾನ 14:6 ಅವರ ಆಧಾರ. ಅವರಿಗೂ ಮತ್ತಾಯ 25 ಬೈಬಲೇ. ಕಡೆಯ ತೀರ್ಪಿನಲ್ಲಿ ಅರಸ ಕೇಳುವುದು ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬೆತ್ತಲೆಯವನಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವನ ಭೇಟಿ, ಇಷ್ಟನ್ನೇ. ಬಲಕ್ಕೆ ನಿಂತವರೂ ಎಡಕ್ಕೆ ನಿಂತವರೂ 'ನಿನ್ನನ್ನು ಯಾವಾಗ ನೋಡಿದೆವು?' ಎಂದು ಬೆರಗಾಗುತ್ತಾರೆ.

ಭಾಗಮಂಡಲದ ಕಡೆಯಿಂದ, ಕಥೋಲಿಕರೊಬ್ಬರು: ಮಳೆಗಾಲದಲ್ಲಿ ರಸ್ತೆ ಮುಳುಗಿದರೆ ಫಾದರ್ ಬರಲಾಗದು. ಮನೆಯಲ್ಲಿ ತೊಂಬತ್ತು ದಾಟಿದ ಅಜ್ಜಿ, ತುಂಬು ಗರ್ಭಿಣಿ ಸೊಸೆ ಇದ್ದಾರೆ. ಏನು ಮಾಡುವುದು?

ಅಜ್ಜಿಯ ಅಭ್ಯಂಗ ಸಂಸ್ಕಾರವನ್ನು, ಅಂದರೆ ಗುರುಗಳು ಪವಿತ್ರ ಎಣ್ಣೆ ಹಚ್ಚಿ ಪ್ರಾರ್ಥಿಸುವ ವಿಧಿಯನ್ನು, ಮೇ ತಿಂಗಳಲ್ಲೇ ಮಾಡಿಸಿಬಿಡಿ. ಉಸಿರು ನಿಲ್ಲುವವರೆಗೆ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ಮುಪ್ಪಿನ ನಿಶ್ಶಕ್ತಿಯೇ ಸಾಕು, ಪರಿಸ್ಥಿತಿ ಬಿಗಡಾಯಿಸಿದರೆ ಮತ್ತೊಮ್ಮೆ ಕೊಡಬಹುದು. ಫೋನಿನಲ್ಲಿ ಪಾಪನಿವೇದನೆ ನಡೆಯುವುದಿಲ್ಲ. ಗುರುಗಳು ಸಿಗದೇ ಹೋದರೆ ಅಜ್ಜಿ ಪೂರ್ಣ ಪಶ್ಚಾತ್ತಾಪ ಪಡಲಿ, ಅಂದರೆ ನರಕದ ಭಯಕ್ಕಲ್ಲ, ಪ್ರೀತಿಸಿದ ದೇವರನ್ನು ನೋಯಿಸಿದೆನಲ್ಲ ಎಂಬ ದುಃಖ. ಜೊತೆಗೆ, ಸಾಧ್ಯವಾದ ಕೂಡಲೇ ಪಾಪನಿವೇದನೆ ಮಾಡುತ್ತೇನೆಂಬ ನಿರ್ಧಾರ ಇರಬೇಕು. ಘೋರ ಪಾಪಕ್ಕೂ ಇದರಿಂದ ಕ್ಷಮೆಯುಂಟು ಎಂದು ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚ್‌ನಲ್ಲಿ, ವ್ಯಾಟಿಕನ್ ಮತ್ತೆ ನೆನಪಿಸಿತು. ಕಿವಿಯ ಹತ್ತಿರ ನಿಧಾನವಾಗಿ ಪ್ರಾರ್ಥನೆ ಹೇಳಿಕೊಡಿ. ನಾಲಿಗೆ ಏಳದಿದ್ದರೂ ಕಿವಿ ಕೇಳುತ್ತಿರಬಹುದು.

ಹುಟ್ಟಿದ ಮಗುವಿನ ಪ್ರಾಣಕ್ಕೆ ಅಪಾಯವಾದರೆ ದೀಕ್ಷಾಸ್ನಾನವನ್ನು (ಬ್ಯಾಪ್ಟಿಸಂ) ಯಾರು ಬೇಕಾದರೂ ಕೊಡಬಹುದು. ಸೂಲಗಿತ್ತಿ ಕ್ರೈಸ್ತಳಾಗಿರಬೇಕೆಂದೂ ಇಲ್ಲ, ಸಭೆ ಮಾಡುವುದನ್ನೇ ಮಾಡುತ್ತಿದ್ದೇನೆಂಬ ಮನಸ್ಸಿದ್ದರೆ ಸಾಕು. ಒಂದು ಲೋಟ ಬೆಚ್ಚನೆಯ ಬರೀ ನೀರನ್ನು ತಲೆಯ ಮೇಲೆ ಮೂರು ಸಲ ಹರಿಯುವಂತೆ ಸುರಿಯುತ್ತಾ, 'ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ' ಅನ್ನಬೇಕು. ನೀರು ಸುರಿಯುವವರೇ ಮಾತನ್ನೂ ಹೇಳಬೇಕು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಗದು, ನೀರು ಹರಿಯಬೇಕು. 'ನಾವು ಕೊಡುತ್ತೇವೆ' ಅಂದರೂ ಸಿಂಧುವಲ್ಲ ಎಂದು 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಸ್ಪಷ್ಟಪಡಿಸಿದೆ. ಅಷ್ಟರೊಳಗೆ ಮಗು ಹೋಗಿಬಿಟ್ಟರೆ ಸೊಸೆಯೆದುರು ಯಾರೂ ನರಕದ ಮಾತೆತ್ತಬಾರದು. ಅಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂಬುದೇ ಸಭೆಯ ಬೋಧನೆ. ಮಗು ಉಳಿದರೆ ನೀರು ಸುರಿದವರ ಹೆಸರು, ತಾರೀಕು, ನೋಡಿದವರೊಬ್ಬರ ಹೆಸರು ಚೀಟಿಯಲ್ಲಿ ಬರೆದಿಟ್ಟು, ರಸ್ತೆ ತೆರೆದ ಮೇಲೆ ಫಾದರ್ ಕೈಗೆ ಕೊಡಿ. ದೀಕ್ಷಾಸ್ನಾನ ಮತ್ತೆ ಮಾಡುವುದಿಲ್ಲ, ಉಳಿದ ವಿಧಿಗಳನ್ನು ಮುಗಿಸಿ ರಿಜಿಸ್ಟರಿಗೆ ಏರಿಸುತ್ತಾರೆ.