ಅಂಗಿ ಗುಂಡಿ ಕಂಡರಾಗದವರಿಗೆ ಧೈರ್ಯದ ಅಗತ್ಯವಿಲ್ಲ

ಬರುವ ತಿಂಗಳಿಂದ ಆಫೀಸಿಗೆ ಶರ್ಟ್ ಕಡ್ಡಾಯ, ಗುಂಡಿ ಮುಟ್ಟುವ ಧೈರ್ಯ ತಂದುಕೊಳ್ಳುವುದು ಹೇಗೆ, ಇಲ್ಲವೇ ಟೈಲರ್ ಹತ್ತಿರ ಟಿಚ್ ಬಟನ್ ಹಾಕಿಸಿಬಿಡಲೇ ಅಂತ ಕೇಳಿದ್ದೀರಿ. ಇಪ್ಪತ್ತೇಳನೇ ವಯಸ್ಸಿನವರೆಗೆ ನಾನೂ ಹೀಗೇ ಇದ್ದೆ. ಜುಬ್ಬಾಗೂ ಎದೆ ಹತ್ತಿರ ಗುಂಡಿ ಇರುತ್ತದಲ್ಲ, ಹಾಗಾಗಿ ಮದುವೆ ಮನೆಗೂ ಟೀ ಶರ್ಟೇ. ಜೀನ್ಸಿನ ಲೋಹದ ಗುಂಡಿ ಹೇಗೋ ಸಹಿಸುತ್ತಿದ್ದೆ. ನಾಲ್ಕು ತೂತಿನ ತೆಳು ಪ್ಲಾಸ್ಟಿಕ್ ಗುಂಡಿ ದಾರ ಕಿತ್ತುಕೊಂಡು ನೆಲದ ಮೇಲೆ ಬಿದ್ದಿದ್ದರೆ ಅವತ್ತು ಊಟ ಸೇರುತ್ತಿರಲಿಲ್ಲ.

ಊಟ ಸೇರದಿರುವುದರಲ್ಲೇ ಸುಳಿವಿದೆ. ಹಾವು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಗುಂಡಿ ಕಂಡರೆ ನಮಗೆ ಹೊಟ್ಟೆ ತೊಳಸುತ್ತದೆ. ಇದು ಹೇಸಿಗೆ. ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. 2002ರಲ್ಲಿ ಸಾವೆದ್ರ, ಸಿಲ್ವರ್‌ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇಂಥದ್ದೇ ತೊಂದರೆಯಿದ್ದ ಒಂಬತ್ತು ವರ್ಷದ ಹುಡುಗನ ಚಿಕಿತ್ಸೆಯನ್ನು ದಾಖಲಿಸಿದರು. ಐದನೇ ವಯಸ್ಸಿನಲ್ಲಿ ಶಾಲೆಯಲ್ಲಿ ಬಟ್ಟಲು ತುಂಬ ಗುಂಡಿ ಅವನ ಮೇಲೆ ಬಿದ್ದಿತ್ತು. ಹಂತಹಂತವಾಗಿ ಮುಟ್ಟಿಸಿದಾಗ ಅವನು ಮುಟ್ಟಿದ, ಆದರೆ ಸಂಕಟ ಇಳಿಯುವ ಬದಲು ಏರಿತು. ಗುಂಡಿಯ ನೋಟ, ಸ್ಪರ್ಶ, ವಾಸನೆಗಳಲ್ಲಿ ಯಾವುದು ಅಸಹ್ಯ ಅಂತ ಕೆದಕಿ, ಅದನ್ನೇ ಕಲ್ಪಿಸಿಕೊಳ್ಳುವಂತೆ ಮಾಡಿದ ಮೇಲೆ ಸಂಕಟ ಇಳಿಯಿತು. ವರ್ಷದ ನಂತರವೂ ಪ್ಲಾಸ್ಟಿಕ್ ಗುಂಡಿಯ ಯೂನಿಫಾರಂ ಹಾಕುತ್ತಿದ್ದ.

ನನ್ನ ಮೆಟ್ಟಿಲುಗಳು ಹೀಗಿದ್ದವು. ಹೇಸಿಗೆ ಎಷ್ಟು ಅಂತ ಸೊನ್ನೆಯಿಂದ ಹತ್ತರ ಅಂಕ ಕೊಟ್ಟರೆ ಜೀನ್ಸ್ ಗುಂಡಿಗೆ ಎರಡು, ಕೋಟಿನ ದಪ್ಪ ಗುಂಡಿಗೆ ನಾಲ್ಕು, ಶರ್ಟಿಗೆ ಹೊಲಿದ 18 ಲೈನ್ ಗುಂಡಿಗೆ ಆರು (40 ಲೈನ್ ಅಂದರೆ ಒಂದು ಇಂಚು, ಹಾಗಾಗಿ ಇದು ಹನ್ನೊಂದೂವರೆ ಮಿಲಿಮೀಟರಿನಷ್ಟು), ಅದೇ ಬಿಡಿ ಗುಂಡಿ ಅಂಗೈಯಲ್ಲಿದ್ದರೆ ಎಂಟು. ದಿನಕ್ಕೆ ನಲವತ್ತು ನಿಮಿಷ. ಅಂಕ ಅರ್ಧಕ್ಕಿಳಿಯುವವರೆಗೆ ಮುಂದಿನ ಮೆಟ್ಟಿಲಿಗೆ ಹೋಗುವ ಹಾಗಿಲ್ಲ. ಭಯ ಬೇಗ ಇಳಿಯುತ್ತದೆ, ಹೇಸಿಗೆ ನಿಧಾನ. ಮೊದಲ ವಾರ ಅರ್ಧ ಅಂಕ ಇಳಿದರೂ ಕೆಲಸ ಸರಿಯಾಗಿಯೇ ನಡೆಯುತ್ತಿದೆ.

ಇಷ್ಟೆಲ್ಲ ಮಾಡಿಯೂ ನಾನು ಎರಡು ತಿಂಗಳು ಹಾಳುಮಾಡಿಕೊಂಡೆ. ಕಾರಣ ಸೋಪು. ಅಭ್ಯಾಸ ಮುಗಿದ ತಕ್ಷಣ ಕೈ ತೊಳೆಯುತ್ತಿದ್ದೆ. ಸ್ವಚ್ಛತೆಯಲ್ಲವೇ, ತಪ್ಪೇನು ಅನ್ನಿಸುತ್ತಿತ್ತು. ಆದರೆ ಮನಸ್ಸು ಪ್ರತಿ ಸಲವೂ ಕಲಿತದ್ದು ಒಂದೇ ಪಾಠ: 'ಗುಂಡಿ ಹೊಲಸು, ತೊಳೆದದ್ದಕ್ಕೆ ಬಚಾವಾದೆ'. ತೊಳೆಯದಿದ್ದರೂ ಏನೂ ಆಗುವುದಿಲ್ಲ ಎಂದು ಕಲಿಯಲು ಅದಕ್ಕೆ ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ನಲವತ್ತು ನಿಮಿಷ ಕಷ್ಟಪಟ್ಟು ಗಳಿಸಿದ್ದು ನಲ್ಲಿಯ ಕೆಳಗೆ ಒಂದೇ ನಿಮಿಷದಲ್ಲಿ ಹರಿದುಹೋಗುತ್ತಿತ್ತು. ಕೈ ತೊಳೆಯುವುದು ಬಿಟ್ಟ ಮೇಲೆ ಪ್ಯಾಂಟಿಗೆ ಒರೆಸತೊಡಗಿದೆ. ಅದೂ ತೊಳೆದಂತೆಯೇ. ಕರ್ಚೀಫಿನಲ್ಲಿ ಹಿಡಿಯುವುದು, ಬೆರಳ ತುದಿಯಲ್ಲಷ್ಟೇ ಮುಟ್ಟುವುದು, ಉಸಿರು ಬಿಗಿಹಿಡಿಯುವುದು, ಇವೂ ಅದೇ ಜಾತಿಗೆ ಸೇರಿದವು. ಶುದ್ಧವಾದ ಹೊಸ ಗುಂಡಿ ಹಿಡಿದ ಮೇಲೆ ಆ ಕೈಯನ್ನು ಕೆನ್ನೆಗೆ, ದಿಂಬಿಗೆ ಮುಟ್ಟಿಸಿ. ಒಂದು ಗಂಟೆ ತೊಳೆಯಬೇಡಿ. ಇದನ್ನು ಶುರುಮಾಡಿದ ಹತ್ತೇ ದಿನಕ್ಕೆ ನನ್ನ ಎಂಟು ನಾಲ್ಕಕ್ಕಿಳಿಯಿತು.

ಟಿಚ್ ಬಟನ್ ಬೇಡವೇ ಬೇಡ. ಅದು ಇಡೀ ಮೈಗೆ ಹಾಕಿದ ಕರ್ಚೀಫು.

ಒಬ್ಬರೇ ಮಾಡಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಸುತ್ತಮುತ್ತ ಇದ್ದರೆ ನಿಮ್ಹಾನ್ಸ್ ಇದೆ. ಎಲ್ಲಿಗೇ ಹೋಗಿ, ಮೊದಲ ದಿನವೇ 'ಹೆದರಿಕೆಗಿಂತ ಹೇಸಿಗೆ ಜಾಸ್ತಿ' ಎಂದು ಹೇಳಿ, ಇಲ್ಲದಿದ್ದರೆ ಚಿಕಿತ್ಸೆ ಭಯದ ದಾರಿಯಲ್ಲೇ ಹೋಗಿಬಿಡುತ್ತದೆ.

ಕೊನೆಯ ಮೆಟ್ಟಿಲಿಗೆ ಚಿಕ್ಕಪೇಟೆಯಂಥ ಕಡೆ ಒಂದು ಗ್ರೋಸ್ ಗುಂಡಿ ತನ್ನಿ, 144 ಇರುತ್ತವೆ. ತಟ್ಟೆಗೆ ಸುರಿದು ಕೈ ಹೂತು ಕೂರಿ. ಶರ್ಟ್ ಹಾಕುವಾಗ ಕೆಳಗಿನ ಕಾಜದಿಂದ ಶುರುಮಾಡಿ, ಕತ್ತಿನ ಗುಂಡಿ ಕೊನೆಗಿರಲಿ. ಮೊದಲ ವಾರ ಒಳಗೆ ಬನಿಯನ್ ಹಾಕಬೇಡಿ, ಗುಂಡಿಯ ಹಿಂಬದಿ ನೇರ ಎದೆಗೆ ತಾಗಬೇಕು.